ಚೆಂಡು ಹೊಡೆದವರೂ ಅವರೇ, ಚೆಕ್ ಬರೆದವರೂ ಅವರೇ

ಕಾಲೇಜ್ ಫೆಸ್ಟ್ ನಡೆಸಿದವರಿಗೆ ಈ ಪಾಡು ಗೊತ್ತಿರತ್ತೆ. ಸ್ಪಾನ್ಸರ್ ಹುಡುಕಿಕೊಂಡು ಅಂಗಡಿ ಅಂಗಡಿ ಅಲೆದವರೇ ಸ್ಟೇಜ್ ಹಿಂದೆ ವೈರ್ ಹಿಡಿದು ನಿಂತಿರ್ತಾರೆ. ಅವರೇ ಕೊನೆಗೆ ಬಣ್ಣ ಹಚ್ಚಿಕೊಂಡು ಸ್ಟೇಜ್ ಮೇಲೂ ಹತ್ತುತ್ತಾರೆ. ಎರಡು ದಿನದ ಫೆಸ್ಟ್‌ಗೇ ನಮಗೆ ಸಾಕುಸಾಕಾಗಿ ಹೋಗತ್ತೆ. ಅಮೆರಿಕದ ಮಹಿಳಾ ಗಾಲ್ಫ್ ಆಟಗಾರ್ತಿಯರು ಇದನ್ನ ಹೆಚ್ಚುಕಮ್ಮಿ ಇಪ್ಪತ್ತೈದು ವರ್ಷ ಮಾಡಿದರು. ಟೂರ್ನಮೆಂಟ್ ಆಡುವವರೂ ಅವರೇ, ನಡೆಸುವವರೂ ಅವರೇ. ನಮ್ಮ ಬೆಂಗಳೂರಿನ ಅದಿತಿ ಅಶೋಕ್ ಆಡುವ ಎಲ್‌ಪಿಜಿಎ ಟೂರ್ ಹುಟ್ಟಿ ಬೆಳೆದದ್ದು ಹೀಗೆ. ಎಲ್‌ಪಿಜಿ ಅಲ್ಲ ಮಾರಾಯ್ರೆ, ಎಲ್‌ಪಿಜಿಎ: ಲೇಡೀಸ್ ಪ್ರೊಫೆಷನಲ್ ಗಾಲ್ಫ್ ಅಸೋಸಿಯೇಷನ್.

ಗಾಲ್ಫ್ ಎಂದರೆ ದುಡ್ಡಿದ್ದವರ ವಾಕಿಂಗ್ ಎಂದುಕೊಂಡಿರುವವರಿಗಾಗಿ ಮೊದಲು ಎರಡು ಮಾತು. ಒಂದು ಸುತ್ತಿಗೆ 18 ಗುಂಡಿ, ಅಂದ್ರೆ ಹೋಲ್. ಪ್ರತಿ ಹೋಲ್‌ಗೂ ಇಷ್ಟು ಹೊಡೆತದಲ್ಲಿ ಮುಗಿಸಬೇಕು ಎಂಬ ಒಂದು ಲೆಕ್ಕ ಇದೆ, ಅದು ಪಾರ್. ಒಂದು ಹೊಡೆತ ಕಮ್ಮಿ ತಗೊಂಡರೆ ಬರ್ಡಿ, ಒಂದು ಜಾಸ್ತಿ ಆದರೆ ಬೋಗಿ. ದೊಡ್ಡ ಚಾಂಪಿಯನ್‌ಶಿಪ್ ಅಂದರೆ ಸಾಮಾನ್ಯವಾಗಿ ನಾಲ್ಕು ಸುತ್ತು, 72 ಹೋಲ್. ಯಾರ ಒಟ್ಟು ಹೊಡೆತ ಕಮ್ಮಿಯೋ ಅವರು ಗೆದ್ದರು. ವರ್ಷದಲ್ಲಿ ನಡೆಯುವ ಹತ್ತಾರು ಟೂರ್ನಮೆಂಟ್‌ಗಳಲ್ಲಿ ನಾಲ್ಕೈದಕ್ಕೆ ಮಾತ್ರ ಮೇಜರ್ ಎಂಬ ಪಟ್ಟ. ಈ ಪಟ್ಟವನ್ನ ಯಾರು ಕೊಡ್ತಾರೆ, ಯಾಕೆ ಕಿತ್ಕೋತಾರೆ ಅನ್ನೋದು ಆಟಕ್ಕಿಂತ ಸ್ವಾರಸ್ಯವಾಗಿದೆ. ಅಲ್ಲಿಗೂ ಬರೋಣ.

ಎರಡನೇ ಮಹಾಯುದ್ಧ ನಡೆಯುತ್ತಿದ್ದ 1944ರಲ್ಲಿ ಹೋಪ್ ಸೀನಿಯಸ್, ಬೆಟ್ಟಿ ಹಿಕ್ಸ್, ಎಲೆನ್ ಗ್ರಿಫಿನ್ ಎಂಬ ಮೂವರು ಸೇರಿ ಡಬ್ಲ್ಯುಪಿಜಿಎ ಎಂಬ ಸಂಘ ಕಟ್ಟಿದರು. ಆಗ ಗಾಲ್ಫ್ ಆಡಿ ಹೊಟ್ಟೆ ಹೊರೆಯುವ ಹೆಂಗಸರನ್ನು ಬೆರಳಲ್ಲಿ ಎಣಿಸಬಹುದಿತ್ತು. ಅವರಿಗೂ ಸಂಬಳ ಬರುತ್ತಿದ್ದದ್ದು ಆಟದಿಂದಲ್ಲ, ಗಾಲ್ಫ್ ಸಾಮಾನು ಮಾರುವ ಕಂಪನಿಗಳ ಪ್ರಚಾರಕ್ಕೆ ಊರೂರು ತಿರುಗಿದ್ದರಿಂದ. ಈ ಸಂಘ 1946ರಲ್ಲಿ ವಾಷಿಂಗ್ಟನ್ ರಾಜ್ಯದ ಸ್ಪೋಕೇನ್ ಊರಿನಲ್ಲಿ ಮೊದಲ ಯುಎಸ್ ವಿಮೆನ್ಸ್ ಓಪನ್ ನಡೆಸಿತು. ಒಟ್ಟು ಬಹುಮಾನ 19,700 ಡಾಲರ್. ಕೊಟ್ಟದ್ದು ಆ ಊರಿನ ಒಂದು ಗಂಡಸರ ಕ್ಲಬ್. ಕ್ಲಬ್‌ಗೆ ದುಡ್ಡು ಬಂದದ್ದು ಸ್ಲಾಟ್ ಮಷೀನ್, ಅಂದ್ರೆ ನಾಣ್ಯ ಹಾಕಿ ಹಿಡಿ ಎಳೆಯುವ ಜೂಜಿನ ಪೆಟ್ಟಿಗೆಗಳಿಂದ! ಫೈನಲ್‌ನಲ್ಲಿ ಬೆಟ್ಟಿ ಜೇಮ್ಸನ್ ಅವರನ್ನು ಸೋಲಿಸಿ ಪ್ಯಾಟಿ ಬರ್ಗ್ ಗೆದ್ದರು. ಬಹುಮಾನ ಸಿಕ್ಕಿದ್ದು ವಾರ್ ಬಾಂಡ್ ರೂಪದಲ್ಲಿ, 5,600 ಡಾಲರ್. ಮರುವರ್ಷ ಟೂರ್ನಮೆಂಟ್ ಬೇರೆ ಊರಿಗೆ ಹೋಯಿತು, ಜೂಜಿನ ಪೆಟ್ಟಿಗೆ ಜೊತೆಗೆ ಹೋಗಲಿಲ್ಲ. ಬಹುಮಾನದ ಮೊತ್ತ ಅರ್ಧಕ್ಕಿಂತ ಕೆಳಗಿಳಿಯಿತು.

ಹಣ ಇಲ್ಲದೆ ಸಂಘ ಸೊರಗಿತು. ಹೊಸದಾಗಿ ಶುರು ಮಾಡೋಣ ಎಂದರೆ ಹಳೇ ಸಂಘದ ಚಾರ್ಟರ್ ಬಿಟ್ಟುಕೊಡಲು ಸೀನಿಯಸ್ ಒಪ್ಪಲಿಲ್ಲ. ಹಾಗಾಗಿ ವಿಮೆನ್ ಹೋಗಿ ಲೇಡೀಸ್ ಬಂತು. 1950ರಲ್ಲಿ ಕ್ಯಾನ್ಸಸ್ ರಾಜ್ಯದ ವಿಚಿಟಾದಲ್ಲಿ, ಆ ವರ್ಷದ ಓಪನ್ ನಡೆಯುತ್ತಿದ್ದಾಗಲೇ, ಎಲ್‌ಪಿಜಿಎ ರೂಪುಗೊಂಡಿತು. ಸಂಸ್ಥಾಪಕಿಯರು ಎಂದು ಗುರುತಿಸುವುದು 13 ಜನರನ್ನ. ಅವರಲ್ಲಿ ಮಾರ್ಲೀನ್ ಬಾವರ್‌ಗೆ ಆಗ 16 ವರ್ಷ, ನಮ್ಮ ಲೆಕ್ಕದಲ್ಲಿ ಫಸ್ಟ್ ಪಿಯು. ಮೊದಲ ಅಧ್ಯಕ್ಷೆ ಪ್ಯಾಟಿ ಬರ್ಗ್, ಯುದ್ಧದ ಕಾಲದಲ್ಲಿ ಅಮೆರಿಕದ ಮರೀನ್ ಪಡೆಯಲ್ಲಿ ಲೆಫ್ಟಿನೆಂಟ್ ಆಗಿದ್ದವರು. ಟೂರ್ನಮೆಂಟ್‌ಗಳನ್ನು ಕುದುರಿಸಲು ಫ್ರೆಡ್ ಕಾರ್ಕೊರನ್ ಎಂಬ ಮ್ಯಾನೇಜರ್ ಇದ್ದರು, ಅವರ ಸಂಬಳ ವಿಲ್ಸನ್ ಕ್ರೀಡಾ ಸಾಮಗ್ರಿ ಕಂಪನಿಯದ್ದು.

ಮಿಕ್ಕ ಕೆಲಸ? ಎಲ್ಲಾ ಆಟಗಾರ್ತಿಯರೇ. ಗ್ರೀನ್ ಮೇಲೆ ಗುಂಡಿ ಎಲ್ಲಿರಬೇಕು, ಮೊದಲ ಹೊಡೆತ ಎಲ್ಲಿಂದ ಎಂದು ಗುರುತು ಹಾಕುವವರು ಅವರು. ನಿಯಮದ ಬಗ್ಗೆ ಜಗಳ ಬಂದರೆ ತೀರ್ಪು ಕೊಡುವವರು ಅವರು. ಬಹುಮಾನದ ಚೆಕ್ ಬರೆಯುವವರೂ ಅವರು. ಒಂದು ಊರಿನ ಟೂರ್ನಮೆಂಟ್ ಮುಗಿದ ಮೇಲೆ ಕಾರುಗಳ ಸಾಲು ಹೊರಟು ಮುಂದಿನ ಊರು. ಅಲ್ಲಿ ಪ್ರಚಾರವೂ ಅವರ ಕೈಯಲ್ಲೇ. ಬೇಸ್‌ಬಾಲ್ ಮ್ಯಾಚ್ ಶುರುವಾಗುವ ಮುಂಚೆ ಮೈದಾನದಲ್ಲಿ ನಿಂತು ಗಾಲ್ಫ್ ಚೆಂಡು ಹೊಡೆದು ತೋರಿಸಿ, ನಾಳೆ ನಮ್ಮ ಆಟಕ್ಕೂ ಬನ್ನಿ ಎಂದು ಕರೆಯುವುದು. ಮೊದಲ ವರ್ಷ 14 ಟೂರ್ನಮೆಂಟ್ ಆದವು. ಎಲ್ಲಾ ಸೇರಿ ಬಹುಮಾನ ಸುಮಾರು 50,000 ಡಾಲರ್.

ಜನ ಬರುತ್ತಿದ್ದದ್ದು ಮುಖ್ಯವಾಗಿ ಒಬ್ಬರನ್ನು ನೋಡಲು: ಬೇಬ್ ಜಹಾರಿಯಸ್. 1932ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ಜಾವೆಲಿನ್ ಮತ್ತು 80 ಮೀಟರ್ ಹರ್ಡಲ್ಸ್‌ನಲ್ಲಿ ಚಿನ್ನ, ಹೈಜಂಪ್‌ನಲ್ಲಿ ಬೆಳ್ಳಿ ತಗೊಂಡವರು ಆಮೇಲೆ ಗಾಲ್ಫ್‌ಗೆ ಬಂದರು. ಬಾಯಿ ಜೋರು, ಹೊಡೆತ ಇನ್ನೂ ಜೋರು. ಜೊತೆಯವರಿಗೆ ಆಕೆಯ ಬಡಾಯಿ ಕಂಡರೆ ಮೈ ಉರಿಯುತ್ತಿತ್ತು, ಆದರೆ ಟಿಕೆಟ್ ಖರ್ಚಾಗುತ್ತಿದ್ದದ್ದು ಆಕೆಯ ಹೆಸರಿನ ಮೇಲೆ ಎಂಬುದೂ ಗೊತ್ತಿತ್ತು. ಲೂಯಿಸ್ ಸಗ್ಸ್ 1949ರ ಓಪನ್‌ನಲ್ಲಿ ಬೇಬ್‌ರನ್ನು 14 ಹೊಡೆತಗಳ ಅಂತರದಲ್ಲಿ ಸೋಲಿಸಿದ್ದರು. ಮರುವರ್ಷ ವಿಚಿಟಾದಲ್ಲಿ ಬೇಬ್ ಗೆದ್ದರು. 1953ರಲ್ಲಿ ಬೇಬ್‌ಗೆ ಕರುಳಿನ ಕ್ಯಾನ್ಸರ್ ಎಂದು ಗೊತ್ತಾಗಿ ಆಪರೇಷನ್ ಆಯಿತು. ಮುಂದಿನ ವರ್ಷ, ಹೊಟ್ಟೆಗೆ ಕೊಲಾಸ್ಟಮಿ ಚೀಲ ಕಟ್ಟಿಕೊಂಡೇ ಮ್ಯಾಸಚೂಸೆಟ್ಸ್‌ನ ಸೇಲಂ ಕಂಟ್ರಿ ಕ್ಲಬ್‌ನಲ್ಲಿ ಓಪನ್ ಆಡಿದರು. ಆಗ ಕೊನೆಯ ಎರಡು ಸುತ್ತು ಒಂದೇ ದಿನ, ಅಂದ್ರೆ ದಿನಕ್ಕೆ 36 ಹೋಲ್ ನಡೆದು ಆಡಬೇಕು. ಗೆದ್ದರು, 12 ಹೊಡೆತಗಳ ಅಂತರದಲ್ಲಿ. 1956ರಲ್ಲಿ ತೀರಿಕೊಂಡಾಗ ವಯಸ್ಸು 45.

ಓಪನ್ ನಡೆಸುವ ಹೊರೆ ಜಾಸ್ತಿಯಾಗಿ ಎಲ್‌ಪಿಜಿಎ ಅದನ್ನು 1953ರಲ್ಲಿ ಯುಎಸ್‌ಜಿಎಗೆ, ಅಂದರೆ ಅಮೆರಿಕದ ಗಾಲ್ಫ್ ನಿಯಮಗಳನ್ನು ಕಾಯುವ ಸಂಸ್ಥೆಗೆ, ಒಪ್ಪಿಸಿತು. ಹಾಗೆ ಒಪ್ಪಿಸಿದ ನಾಲ್ಕೇ ವರ್ಷಕ್ಕೆ ನಡೆದ ಘಟನೆಯನ್ನು ಪ್ರೋಗ್ರಾಮಿಂಗ್ ಗೊತ್ತಿರುವ ಯಾರೇ ಓದಿದರೂ ತಲೆ ಚಚ್ಚಿಕೊಳ್ತಾರೆ.

1957, ನ್ಯೂಯಾರ್ಕ್ ಬಳಿಯ ವಿಂಗ್ಡ್ ಫುಟ್ ಕ್ಲಬ್. ಗಾಲ್ಫ್‌ನಲ್ಲಿ ನಿಮ್ಮ ಸ್ಕೋರನ್ನು ಹೋಲ್ ಹೋಲ್‌ಗೂ ಬರೆಯುವುದು ನಿಮ್ಮ ಜೊತೆ ಆಡುವವರು, ಅವರದ್ದನ್ನು ನೀವು ಬರೆಯಬೇಕು. ಆಟ ಮುಗಿದ ಮೇಲೆ ಇಬ್ಬರೂ ಸೈನ್ ಹಾಕಬೇಕು. ಹವಾಯಿಯ ಜಾಕಿ ಪಂಗ್ ಕೊನೆಯ ಸುತ್ತನ್ನು ಬೆಟ್ಟಿ ಜೇಮ್ಸನ್ ಜೊತೆ ಆಡಿದರು. ನಾಲ್ಕನೇ ಹೋಲ್‌ನಲ್ಲಿ ಇಬ್ಬರೂ 6 ಹೊಡೆತ ತಗೊಂಡಿದ್ದರು. ವಿಚಿತ್ರ ಏನಂದ್ರೆ, ಇಬ್ಬರೂ ಇನ್ನೊಬ್ಬರ ಕಾರ್ಡ್‌ನಲ್ಲಿ 5 ಎಂದು ಬರೆದರು. ಪಂಗ್ ಅವರ ಕಾರ್ಡ್‌ನಲ್ಲಿ ಒಟ್ಟು ಮೊತ್ತ ಮಾತ್ರ ಸರಿಯಾಗಿತ್ತು: ಆ ಸುತ್ತಿಗೆ 72, ನಾಲ್ಕೂ ಸುತ್ತು ಸೇರಿ 298. ಅದು ಗೆಲ್ಲುವ ಸ್ಕೋರ್. ಜನ ಮುತ್ತಿಕೊಂಡರು, ಅಭಿನಂದನೆ, ಗಲಾಟೆ. ಸಾಲಿನ ಸಂಖ್ಯೆಗಳನ್ನು ಕೂಡಿದರೆ ಕೆಳಗಿನ ಮೊತ್ತ ಬರುವುದಿಲ್ಲ, ಚೆಕ್‌ಸಮ್ ಮಿಸ್‌ಮ್ಯಾಚ್. ನಿಯಮ ನೋಡುವುದು ಮೊತ್ತವನ್ನಲ್ಲ, ಹೋಲ್‌ವಾರು ಸಂಖ್ಯೆಯನ್ನ. ನಿಜಕ್ಕಿಂತ ಕಮ್ಮಿ ಸಂಖ್ಯೆಗೆ ಸೈನ್ ಹಾಕಿದರೆ ಡಿಸ್‌ಕ್ವಾಲಿಫೈ. ಇಬ್ಬರೂ ಹೊರಗೆ.

299 ಹೊಡೆದಿದ್ದ ಬೆಟ್ಸಿ ರಾಲ್ಸ್ ಚಾಂಪಿಯನ್ ಆದರು, ಬಹುಮಾನ 1,800 ಡಾಲರ್. ಕ್ಲಬ್‌ನ ಸದಸ್ಯರಿಗೂ ನೋಡಲು ಬಂದವರಿಗೂ ಮನಸ್ಸು ತಡೆಯಲಿಲ್ಲ. ಅಲ್ಲೇ ಚಂದಾ ಎತ್ತಿ ಪಂಗ್ ಅವರಿಗೆ ಕೊಟ್ಟದ್ದು ಆ ಬಹುಮಾನದ ಮೊತ್ತಕ್ಕಿಂತ ಜಾಸ್ತಿ ಆಯಿತು. ಮೇಜರ್ ಮಾತ್ರ ಪಂಗ್ ಕೈಗೆ ಕೊನೆವರೆಗೂ ಸಿಗಲಿಲ್ಲ. ನಿಯಮ ಅಷ್ಟು ಕಠಿಣ ಇರಬೇಕಿತ್ತಾ? ನನ್ನ ಪ್ರಕಾರ ಬೇಕಿರಲಿಲ್ಲ. ಮೊತ್ತ ಸರಿ ಇದ್ದಮೇಲೆ ಅಲ್ಲಿ ಮೋಸದ ಪ್ರಶ್ನೆಯೇ ಇಲ್ಲ. ಆದರೆ ಪ್ರತಿಯೊಬ್ಬರೂ ತಮ್ಮ ಎದುರಾಳಿಯ ಲೆಕ್ಕ ಬರೆಯುವ ಆಟದಲ್ಲಿ ಸೈನ್‌ಗೆ ಬೆಲೆ ಇಲ್ಲದಿದ್ದರೆ ಆಟವೇ ನಿಲ್ಲುವುದಿಲ್ಲ ಎಂಬ ವಾದವನ್ನೂ ತಳ್ಳಿಹಾಕುವುದು ಕಷ್ಟ. ಅಂದಹಾಗೆ ಗೆದ್ದ ರಾಲ್ಸ್ ಟೆಕ್ಸಸ್ ವಿಶ್ವವಿದ್ಯಾಲಯದಲ್ಲಿ ಫಿಸಿಕ್ಸ್ ಓದಿದವರು. ಓಪನ್ ನಾಲ್ಕು ಸಲ ಗೆದ್ದರು, ಆಮೇಲೆ ಎಲ್‌ಪಿಜಿಎಯ ಟೂರ್ನಮೆಂಟ್ ಡೈರೆಕ್ಟರ್ ಆದರು.

ಅರವತ್ತರ ದಶಕ ಮಿಕಿ ರೈಟ್ ಮತ್ತು ಕ್ಯಾಥಿ ವಿಟ್‌ವರ್ತ್ ಅವರದು. ರೈಟ್ 82 ಟೂರ್ನಮೆಂಟ್ ಗೆದ್ದರು, 1963 ಒಂದೇ ವರ್ಷದಲ್ಲಿ 13. ಇಂಥವರು ಇದ್ದರೆ ಟೂರ್‌ಗೆ ಲಾಭ, ಅವರಿಗೆ ಮಾತ್ರ ಹಿಂಸೆ. ರೈಟ್ ಬರದಿದ್ದರೆ ಟೂರ್ನಮೆಂಟ್ ಕ್ಯಾನ್ಸಲ್ ಎಂದು ಸ್ಪಾನ್ಸರ್‌ಗಳು ಹೆದರಿಸುತ್ತಿದ್ದರು. ಹಾಗಾಗಿ ವಾರ ಬಿಡದೆ ಆಡಿ, ಸುಸ್ತಾಗಿ, 34ನೇ ವಯಸ್ಸಿಗೆ ಪೂರ್ಣಾವಧಿ ಆಟ ಬಿಟ್ಟರು. ವಿಟ್‌ವರ್ತ್ 88 ಗೆಲುವಿನ ದಾಖಲೆ ಬರೆದರು. ಅಮೆರಿಕದ ವೃತ್ತಿಪರ ಟೂರ್‌ಗಳಲ್ಲಿ ಗಂಡಸರೂ ಸೇರಿ ಯಾರೂ ಅಷ್ಟು ಗೆದ್ದಿಲ್ಲ. ಆದರೂ ಯುಎಸ್ ವಿಮೆನ್ಸ್ ಓಪನ್ ಒಂದು ಸಲವೂ ಸಿಗಲಿಲ್ಲ. ಇದೇ ದಶಕದಲ್ಲಿ, 1964ರಲ್ಲಿ, ವಿಂಬಲ್ಡನ್ ಗೆದ್ದಿದ್ದ ಆಲ್ತಿಯಾ ಗಿಬ್ಸನ್ ಎಲ್‌ಪಿಜಿಎ ಸೇರಿದ ಮೊದಲ ಕಪ್ಪು ಆಟಗಾರ್ತಿಯಾದರು. ಗಂಡಸರ ಪಿಜಿಎ ಬಿಳಿಯರಿಗೆ ಮಾತ್ರ ಎಂಬ ಕಲಮನ್ನು 1961ರವರೆಗೂ ಇಟ್ಟುಕೊಂಡಿತ್ತು, ಎಲ್‌ಪಿಜಿಎಯಲ್ಲಿ ಅಂಥ ಕಲಮು ಇರಲಿಲ್ಲ. ಆದರೆ ಟೂರ್ ಒಪ್ಪಿದ ಮಾತ್ರಕ್ಕೆ ಊರೂರಿನ ಕ್ಲಬ್‌ಗಳು ಒಪ್ಪಬೇಕಲ್ಲ. ಕೆಲವು ಕಡೆ ಗಿಬ್ಸನ್ ಕಾರಿನಲ್ಲೇ ಕೂತು ಶೂ ಬದಲಿಸಿಕೊಂಡು ಆಡಲು ಇಳಿಯಬೇಕಾಯಿತು.

ಈಗ ಮೇಜರ್‌ಗಳ ವಿಷಯ. ಗಂಡಸರ ನಾಲ್ಕು ಮೇಜರ್‌ಗಳು ದಶಕಗಳಿಂದ ಅವೇ ನಾಲ್ಕು. ಹೆಂಗಸರದ್ದು ನಮ್ಮ ಸಿಲಬಸ್ ಥರ, ಕಾಲಕಾಲಕ್ಕೆ ಬದಲು. 1930ರಲ್ಲಿ ಶುರುವಾದ ವೆಸ್ಟರ್ನ್ ಓಪನ್, 1937ರ ಟೈಟಲ್‌ಹೋಲ್ಡರ್ಸ್ ಎರಡೂ ಮೇಜರ್‌ಗಳು. ಪ್ಯಾಟಿ ಬರ್ಗ್ ಅವರ ದಾಖಲೆಯ 15 ಮೇಜರ್‌ಗಳಲ್ಲಿ 14 ಇವೆರಡರಿಂದಲೇ ಬಂದವು, ಏಳು ಏಳು. ಅರವತ್ತರ ದಶಕ ಮುಗಿಯುವಷ್ಟರಲ್ಲಿ ಎರಡೂ ನಿಂತುಹೋದವು. ಟೈಟಲ್‌ಹೋಲ್ಡರ್ಸ್ 1972ರಲ್ಲಿ ಒಮ್ಮೆ ತಲೆ ಎತ್ತಿ ಮತ್ತೆ ಮಲಗಿತು. ಎಪ್ಪತ್ತರ ದಶಕದ ಬಹುಪಾಲು ವರ್ಷಗಳಲ್ಲಿ ಉಳಿದದ್ದು ಎರಡೇ ಮೇಜರ್: ಓಪನ್ ಮತ್ತು 1955ರಲ್ಲಿ ಶುರುವಾದ ಎಲ್‌ಪಿಜಿಎ ಚಾಂಪಿಯನ್‌ಶಿಪ್. 1979ರಲ್ಲಿ ಕೆನಡಾದ ಟೂರ್ನಮೆಂಟ್ ಒಂದಕ್ಕೆ ಪಟ್ಟ ಸಿಕ್ಕಿತು. ಅದರ ಸ್ಪಾನ್ಸರ್ ಸಿಗರೇಟ್ ಕಂಪನಿ. ಕೆನಡಾ ಸರ್ಕಾರ ತಂಬಾಕು ಪ್ರಾಯೋಜಕತ್ವಕ್ಕೆ ಕಡಿವಾಣ ಹಾಕಿದ ಮೇಲೆ 2001ರಿಂದ ಆ ಜಾಗಕ್ಕೆ ವಿಮೆನ್ಸ್ ಬ್ರಿಟಿಷ್ ಓಪನ್ ಬಂತು. ಇನ್ನೊಂದು ಮೇಜರ್ ಹೆಸರು ಮಾಡಿದ್ದು ಕೋಲ್ಗೇಟ್ ಹಣದಿಂದ, ಆಮೇಲೆ ಬಿಸ್ಕತ್ ಕಂಪನಿ, ವಿಮಾನ ಕಂಪನಿ, ಈಗ ಪೆಟ್ರೋಲ್ ಕಂಪನಿ. ಐದನೆಯದು 2013ರಿಂದ, ಬಾಟಲಿ ನೀರಿನ ಎವಿಯನ್ ಹೆಸರಲ್ಲಿ, ಫ್ರಾನ್ಸ್‌ನಲ್ಲಿ. ಹೀಗಿರುವಾಗ ಬರ್ಗ್ ಅವರ 15ನ್ನೂ ಸ್ವೀಡನ್‌ನ ಅನಿಕಾ ಸೊರೆನ್‌ಸ್ಟಾಮ್ ಅವರ 10ನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದಕ್ಕೆ ಅರ್ಥವೇ ಇಲ್ಲ. ಚೆಕ್‌ಗೆ ದುಡ್ಡು ಹಾಕುವವರು ಹೋದ ಕಡೆ ಪಟ್ಟವೂ ಹೋಗಿದೆ, ಅಷ್ಟೇ.

ಆ ಕೋಲ್ಗೇಟ್ ಟೂರ್ನಮೆಂಟ್ ಶುರುವಾದ 1972ಕ್ಕೆ ವಾಪಸ್ ಹೋಗೋಣ. ಗಾಯಕಿ ಡೈನಾ ಶೋರ್ ಅವರ ಹೆಸರು, 1,10,000 ಡಾಲರ್ ಬಹುಮಾನ, ಟಿವಿಯಲ್ಲಿ ಆಟಗಾರ್ತಿಯರೇ ಇರುವ ಜಾಹೀರಾತು. ಹೆಂಗಸರ ಗಾಲ್ಫ್ ಅಷ್ಟು ದುಡ್ಡು ಕಂಡದ್ದು ಅದೇ ಮೊದಲು. ಮೊದಲ ವರ್ಷ ಗೆದ್ದವರು ಜೇನ್ ಬ್ಲಾಲಾಕ್. ತಿಂಗಳು ಕಳೆಯುವಷ್ಟರಲ್ಲಿ ಬ್ಲಾಲಾಕ್ ಮೇಲೆ ಒಂದು ಆರೋಪ ಬಂತು. ಗ್ರೀನ್ ಮೇಲೆ ಚೆಂಡು ಎತ್ತುವಾಗ ಅದರ ಹಿಂದೆ ನಾಣ್ಯದಂಥ ಗುರುತು ಇಟ್ಟು, ಅದೇ ಜಾಗದಲ್ಲಿ ಚೆಂಡು ವಾಪಸ್ ಇಡಬೇಕು. ಆಕೆ ಅದನ್ನು ಸ್ವಲ್ಪ ಮುಂದೆ ಇಡ್ತಾರೆ ಎಂಬುದು ಆರೋಪ. ಆಕೆ ಒಪ್ಪಲಿಲ್ಲ. ಎಲ್‌ಪಿಜಿಎ ಆಡಳಿತ ಮಂಡಳಿ ಒಂದು ವರ್ಷ ಸಸ್ಪೆಂಡ್ ಮಾಡಿತು.

ಇಲ್ಲೇ ಹಳೇ ವ್ಯವಸ್ಥೆಯ ಬಿರುಕು ಕಾಣಿಸಿದ್ದು. ಆ ಮಂಡಳಿಯಲ್ಲಿ ಕೂತಿದ್ದವರು ಯಾರು? ಅದೇ ಟೂರ್‌ನಲ್ಲಿ ಬ್ಲಾಲಾಕ್ ವಿರುದ್ಧ ವಾರವಾರ ಆಡುವವರು. ಆಕೆ ಆಡದಿದ್ದರೆ ಬಹುಮಾನದ ಹಣ ಹಂಚಿಹೋಗುವುದು ಅವರಿಗೇ. ನಿಮ್ಮ ರ‍್ಯಾಂಕಿಗೆ ಪೈಪೋಟಿ ಕೊಡುವ ಕ್ಲಾಸ್‌ಮೇಟ್ ನಿಮ್ಮ ಪೇಪರ್ ವ್ಯಾಲ್ಯುಯೇಷನ್ ಮಾಡಿದ ಹಾಗೆ! ಬ್ಲಾಲಾಕ್ ಕೋರ್ಟಿಗೆ ಹೋದರು. ಆಕೆ ತಪ್ಪು ಮಾಡಿದ್ದರೋ ಇಲ್ಲವೋ ಎಂಬುದನ್ನು ಕೋರ್ಟು ಕೆದಕಲೇ ಇಲ್ಲ. ಸ್ಪರ್ಧಿಗಳು ಸೇರಿ ಇನ್ನೊಬ್ಬ ಸ್ಪರ್ಧಿಯನ್ನು ಮಾರುಕಟ್ಟೆಯಿಂದ ಹೊರಗಿಡುವುದೇ ಏಕಸ್ವಾಮ್ಯ ವಿರೋಧಿ ಕಾನೂನಿಗೆ ವಿರುದ್ಧ ಎಂದು 1973ರಲ್ಲಿ ಹೇಳಿತು. ಆಡುವವರೇ ನಡೆಸಿದ್ದರಿಂದ ಟೂರ್ ಉಳಿದಿತ್ತು, ನಿಜ. ಆದರೆ ಚೆಂಡು ಹೊಡೆಯುವ ಕೈಯೇ ಶಿಕ್ಷೆಯ ಆರ್ಡರ್‌ಗೂ ಸಹಿ ಹಾಕಿದರೆ ನ್ಯಾಯ ಕೇಳುವುದು ಎಲ್ಲಿ? 1975ರಲ್ಲಿ ರೇ ವೋಲ್ಪಿ ಎಂಬ ಮಾರ್ಕೆಟಿಂಗ್ ಮನುಷ್ಯ ಎಲ್‌ಪಿಜಿಎಯ ಮೊದಲ ಕಮಿಷನರ್ ಆಗಿ ಬಂದರು. ಆಟ ಒಂದು ಕಡೆ, ಆಡಳಿತ ಇನ್ನೊಂದು ಕಡೆ ಆಯಿತು. 1978ರಲ್ಲಿ ನ್ಯಾನ್ಸಿ ಲೋಪೆಜ್ ಎಂಬ ಹೊಸ ಹುಡುಗಿ ಒಂದೇ ವರ್ಷದಲ್ಲಿ 9 ಟೂರ್ನಮೆಂಟ್, ಅದರಲ್ಲಿ ಐದು ಸತತವಾಗಿ, ಗೆದ್ದಾಗ ಅದನ್ನ ಟಿವಿಗೆ ಮಾರಲು ಗೊತ್ತಿರುವವರು ಆಫೀಸಿನಲ್ಲಿ ಇದ್ದರು.

ಅಮೆರಿಕದ ಈ ಮನೆವ್ಯವಹಾರ ಜಗತ್ತಿನದಾದದ್ದು 1998ರ ಜುಲೈನಲ್ಲಿ. ವಿಸ್ಕಾನ್ಸಿನ್‌ನ ಬ್ಲ್ಯಾಕ್‌ವುಲ್ಫ್ ರನ್ ಮೈದಾನ, ಯುಎಸ್ ವಿಮೆನ್ಸ್ ಓಪನ್. ದಕ್ಷಿಣ ಕೊರಿಯಾದ 20 ವರ್ಷದ ಪಾಕ್ ಸೆ ರಿ ಮತ್ತು ಅಮೆರಿಕದ ಕಾಲೇಜು ಹುಡುಗಿ ಜೆನಿ ಚುವಾಸಿರಿಪೋರ್ನ್ 72 ಹೋಲ್ ಮುಗಿದಾಗ ಸಮ. ಸೋಮವಾರ 18 ಹೋಲ್‌ನ ಪ್ಲೇಆಫ್. ಕೊನೆಯ ಹೋಲ್‌ನಲ್ಲಿ ಪಾಕ್ ಹೊಡೆದ ಚೆಂಡು ಕೆರೆಯ ದಂಡೆಯ ಹುಲ್ಲಿನಲ್ಲಿ, ನೀರಿಗೆ ಅಂಟಿಕೊಂಡಂತೆ ಸಿಕ್ಕಿಕೊಂಡಿತು. ಪಾಕ್ ಶೂ, ಸಾಕ್ಸ್ ಬಿಚ್ಚಿ ನೀರಿಗಿಳಿದು ಚೆಂಡನ್ನು ಮೇಲಕ್ಕೆ ಹೊಡೆದರು. ಆಗಲೂ ಸಮ! ಮತ್ತೆರಡು ಹೋಲ್ ಆಡಿ ಪಾಕ್ ಗೆದ್ದರು. ಕೊರಿಯಾ ಆಗ ಐಎಂಎಫ್ ಸಾಲದಲ್ಲಿ ಮುಳುಗಿತ್ತು, ಕಂಪನಿಗಳು ಮುಚ್ಚುತ್ತಿದ್ದವು. ನೀರಲ್ಲಿ ಬರಿಗಾಲಲ್ಲಿ ನಿಂತ ಆ ಹುಡುಗಿಯ ಚಿತ್ರ ಅಲ್ಲಿನ ಮನೆಮನೆಯ ಟಿವಿಯಲ್ಲಿ ಓಡಿತು. 83ರ ಕಪಿಲ್ ದೇವ್ ಕಪ್ ಎತ್ತಿದ ಚಿತ್ರ ನಮ್ಮ ಅಪ್ಪಂದಿರ ತಲೆಮಾರಿಗೆ ಏನೋ, ಅದು ಅವರಿಗೆ.

ನೋಡಿದ ಮಕ್ಕಳಲ್ಲಿ ಒಂಬತ್ತು ವರ್ಷದ ಪಾರ್ಕ್ ಇನ್‌ಬೀ ಒಬ್ಬಳು. 2008ರಲ್ಲಿ ಅವಳೇ ಓಪನ್ ಗೆದ್ದಳು, 19ನೇ ವಯಸ್ಸಿಗೆ. 2012ರಲ್ಲಿ ಓಪನ್ ಮತ್ತೆ ಬ್ಲ್ಯಾಕ್‌ವುಲ್ಫ್ ರನ್‌ಗೆ ಬಂದಾಗ ಗೆದ್ದದ್ದು ಇನ್ನೊಬ್ಬ ಕೊರಿಯನ್, ಚೊಯ್ ನಾ ಯಾನ್. 2019ರಲ್ಲಿ ಗೆದ್ದವರ ಹೆಸರು ಸ್ಕೋರ್‌ಬೋರ್ಡ್‌ನಲ್ಲಿ ‘ಲೀ6’. ಕೊರಿಯಾದ ಟೂರ್‌ನಲ್ಲಿ ಅದೇ ಹೆಸರಿನವರು ಅವರಿಗಿಂತ ಮುಂಚೆ ಐದು ಜನ ಇದ್ದರು. ಅಟೆಂಡೆನ್ಸ್‌ನಲ್ಲಿ ಪೂಜಾ ಕೆ, ಪೂಜಾ ಎಂ, ಪೂಜಾ ಎಸ್ ಇರುವ ಕ್ಲಾಸಿನವರಿಗೆ ಇದು ಅರ್ಥವಾಗತ್ತೆ.

ಕೊರಿಯನ್ನರ ಗೆಲುವು ಎಲ್ಲರಿಗೂ ರುಚಿಸಲಿಲ್ಲ. 2008ರ ಆಗಸ್ಟ್‌ನಲ್ಲಿ, ಪಾರ್ಕ್ ಓಪನ್ ಗೆದ್ದು ಎರಡು ತಿಂಗಳಾಗಿತ್ತಷ್ಟೆ, ಎಲ್‌ಪಿಜಿಎ ಒಂದು ಹೊಸ ನಿಯಮ ಹೇಳಿತು. ಎರಡು ವರ್ಷ ಟೂರ್‌ನಲ್ಲಿ ಇದ್ದವರು ಇಂಗ್ಲಿಷ್ ಮಾತಿನ ಪರೀಕ್ಷೆ ಪಾಸಾಗಬೇಕು, ಇಲ್ಲದಿದ್ದರೆ ಸಸ್ಪೆನ್ಷನ್. ಟೂರ್‌ನಲ್ಲಿ ಆಗ ಕೊರಿಯನ್ನರೇ 45 ಮಂದಿ. ಕೊಟ್ಟ ಕಾರಣ, ಸ್ಪಾನ್ಸರ್‌ಗಳ ಜೊತೆ, ಮಾಧ್ಯಮದ ಜೊತೆ ಮಾತಾಡಬೇಕಲ್ಲ ಎಂದು. ಚೆಂಡಿಗೆ ಯಾವ ಭಾಷೆ ಬರತ್ತೆ ಸ್ವಾಮಿ? ಟೀಕೆ ಎಷ್ಟು ಬಂತೆಂದರೆ, ಯಾರ ಹೆಸರು ಹೇಳಿ ನಿಯಮ ತಂದರೋ ಆ ಸ್ಪಾನ್ಸರ್‌ಗಳಲ್ಲೇ ಕೆಲವರು ಇದು ಸರಿಯಲ್ಲ ಎಂದರು. ಎರಡೇ ವಾರಕ್ಕೆ ವಾಪಸ್. ಪಿಯು ತನಕ ಕನ್ನಡ ಮೀಡಿಯಂನಲ್ಲಿ ಓದಿ ಫಸ್ಟ್ ಸೆಮ್ ವೈವಾದಲ್ಲಿ ಉತ್ತರ ಗೊತ್ತಿದ್ದೂ ಬಾಯಿ ಬಾರದೆ ನಿಂತವರಿಗೆ ಆ ಕೊರಿಯನ್ ಹುಡುಗಿಯರ ಎದೆ ಬಡಿತವನ್ನ ಬಿಡಿಸಿ ಹೇಳಬೇಕಿಲ್ಲ.

ಭಾಷೆಯ ಬಾಗಿಲು ತೆರೆದರೂ ಕ್ಲಬ್‌ಗಳ ಬಾಗಿಲು ಬೇಗ ತೆರೆಯಲಿಲ್ಲ. ಗಾಲ್ಫ್‌ನ ತವರು ಎನ್ನುವ ಸ್ಕಾಟ್‌ಲೆಂಡ್‌ನ ಸೇಂಟ್ ಆಂಡ್ರೂಸ್ ಓಲ್ಡ್ ಕೋರ್ಸ್‌ನಲ್ಲಿ ವೃತ್ತಿಪರ ಮಹಿಳೆಯರ ಟೂರ್ನಮೆಂಟ್ ಮೊದಲು ನಡೆದದ್ದು 2007ರಲ್ಲಿ, ಮೆಕ್ಸಿಕೊದ ಲೊರೆನಾ ಒಚೊವಾ ಗೆದ್ದರು. 2021ರಲ್ಲಿ ಟೋಕಿಯೊ ಒಲಿಂಪಿಕ್ಸ್ ಗಾಲ್ಫ್ ನಡೆದ ಕಸುಮಿಗಸೆಕಿ ಕ್ಲಬ್ ಹೆಂಗಸರಿಗೆ ಪೂರ್ಣ ಸದಸ್ಯತ್ವ ಕೊಡಲು ಒಪ್ಪಿದ್ದು 2017ರಲ್ಲಿ, ಅದೂ ಒಲಿಂಪಿಕ್ ಸಮಿತಿ ಒತ್ತಡ ಹಾಕಿದ ಮೇಲೆ. ಆ ಮೈದಾನದಲ್ಲೇ ನಮ್ಮ ಅದಿತಿ ನಾಲ್ಕು ದಿನ ಪದಕದ ಪೈಪೋಟಿಯಲ್ಲಿ ಇದ್ದದ್ದು. ಐದನೇ ವಯಸ್ಸಿಗೆ ಬೆಂಗಳೂರಿನ ಕರ್ನಾಟಕ ಗಾಲ್ಫ್ ಅಸೋಸಿಯೇಷನ್ ಮೈದಾನದಲ್ಲಿ ಶುರು ಮಾಡಿ, 2016ರಲ್ಲಿ ಇಂಡಿಯನ್ ಓಪನ್ ಗೆದ್ದು ಲೇಡೀಸ್ ಯುರೋಪಿಯನ್ ಟೂರ್‌ನಲ್ಲಿ ಗೆದ್ದ ಮೊದಲ ಭಾರತೀಯಳಾದವಳು, 2017ರಿಂದ ಎಲ್‌ಪಿಜಿಎ. ಟೋಕಿಯೊದಲ್ಲಿ ಬ್ಯಾಗ್ ಹೊತ್ತು ಕ್ಯಾಡಿ ಆಗಿದ್ದದ್ದು ಅಮ್ಮ. ಉದ್ದ ಹೊಡೆಯುವವರ ಮುಂದೆ ಅವಳ ಡ್ರೈವ್ ಗಿಡ್ಡ, ಆದರೆ ಗ್ರೀನ್ ಮೇಲೆ ಪಟರ್ ಹಿಡಿದರೆ ಲೆಕ್ಕ ತಲೆಕೆಳಗು. ಕೊನೆಗೆ ನೆಲಿ ಕೊರ್ಡಾ ಪಾರ್‌ಗಿಂತ 17 ಕಮ್ಮಿ, ಮೋನೆ ಇನಾಮಿ ಮತ್ತು ಲಿಡಿಯಾ ಕೊ 16, ಅದಿತಿ 15. ಒಂದು ಹೊಡೆತಕ್ಕೆ ನಾಲ್ಕನೇ ಸ್ಥಾನ. ಆ ಶನಿವಾರ ಬೆಳಗಿನ ಜಾವ ದೇಶದ ಎಷ್ಟೋ ಜನ ಬರ್ಡಿ ಅಂದ್ರೇನು ಎಂದು ಹುಡುಕುತ್ತಿದ್ದರು. ಅವಳ ನಂತರ ಮೈಸೂರಿನ ಪ್ರಣವಿ ಅರಸ್ ಯುರೋಪಿಯನ್ ಟೂರ್‌ಗೆ ಹೋಗಿ ಆಡುತ್ತಿದ್ದಾರೆ.

ಇನ್ನು ದುಡ್ಡಿನ ಲೆಕ್ಕ. 1957ರಲ್ಲಿ ರಾಲ್ಸ್‌ಗೆ ಸಿಕ್ಕಿದ್ದು 1,800 ಡಾಲರ್. 2022ರಲ್ಲಿ ಅದೇ ಓಪನ್ ಗೆದ್ದ ಆಸ್ಟ್ರೇಲಿಯಾದ ಮಿಂಜಿ ಲೀಗೆ 18 ಲಕ್ಷ ಡಾಲರ್. ಸರಿಯಾಗಿ ಸಾವಿರ ಪಟ್ಟು. ಅಷ್ಟು ವರ್ಷದಲ್ಲಿ ಅಮೆರಿಕದಲ್ಲಿ ಬೆಲೆಗಳು ಏರಿದ್ದು ಸುಮಾರು ಹತ್ತು ಪಟ್ಟು, ಅಂದ್ರೆ ನಿಜವಾದ ಏರಿಕೆ ನೂರು ಪಟ್ಟು. ಅದೇ ವರ್ಷ ಗಂಡಸರ ಯುಎಸ್ ಓಪನ್ ಗೆದ್ದವರಿಗೆ 31.5 ಲಕ್ಷ. ನಡೆಸುವ ಸಂಸ್ಥೆ ಒಂದೇ.

ಆ 13 ಜನರಲ್ಲಿ ಆರು ಮಂದಿಗೆ ವರ್ಲ್ಡ್ ಗಾಲ್ಫ್ ಹಾಲ್ ಆಫ್ ಫೇಮ್ ಗೌರವ ಮುಂಚೆಯೇ ಸಿಕ್ಕಿತ್ತು. ಉಳಿದ ಏಳು ಜನರನ್ನು ಒಟ್ಟಾಗಿ ಸೇರಿಸಿಕೊಂಡದ್ದು 2024ರಲ್ಲಿ. ಆ ಏಳರಲ್ಲಿ ಕೊನೆಯವರಾದ ಶರ್ಲಿ ಸ್ಪೋರ್ಕ್ ಎರಡು ವರ್ಷ ಮುಂಚೆ, 94ನೇ ವಯಸ್ಸಿನಲ್ಲಿ ತೀರಿಕೊಂಡಿದ್ದರು. ವಿಚಿಟಾದ 16 ವರ್ಷದ ಹುಡುಗಿ ಮಾರ್ಲೀನ್ 2023ರ ಮೇ ತಿಂಗಳವರೆಗೂ ಇದ್ದರು.